ಕ್ರಿಮಿನಾಲಜಿ ಓದಿದವರನ್ನು ಯಾರು ಕೆಲಸಕ್ಕೆ ತಗೊಳ್ತಾರೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಈ ವರ್ಷ ದ್ವಿತೀಯ ಪಿಯುಸಿ ಮುಗಿಸಿದೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದಿದ್ದೇನೆ. ಡಿಗ್ರಿಗೆ ಕ್ರಿಮಿನಾಲಜಿ (ಅಪರಾಧಶಾಸ್ತ್ರ) ತಗೊಂಡು ಪಿಎಸ್‌ಐ ಆಗಬೇಕು, ಇಲ್ಲವೇ ಫೊರೆನ್ಸಿಕ್ ಲ್ಯಾಬ್ ಸೇರಬೇಕು ಅಂತ ಆಸೆ. ಶಿವಮೊಗ್ಗದಲ್ಲೇ ಓದಬಹುದಾ, ಮೈಸೂರು, ಮಂಗಳೂರಿಗೆ ಹೋಗಬೇಕಾ? ಅಪ್ಪಯ್ಯ "ಆ ಕೋರ್ಸ್ ಮಾಡಿದರೆ ಕೆಲಸ ಯಾರು ಕೊಡ್ತಾರೆ, ಅದೂ ಹೆಣ್ಣುಮಕ್ಕಳಿಗೆ" ಅಂತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಕಹಿ ಮಾತನ್ನು ಮೊದಲೇ ಹೇಳಿಬಿಡಬೇಕು. ಪಿಯುಸಿಯಲ್ಲಿ ಆರ್ಟ್ಸ್ ಓದಿದವರಿಗೆ ಫೊರೆನ್ಸಿಕ್ ಲ್ಯಾಬಿನ ವೈಜ್ಞಾನಿಕ ಹುದ್ದೆ ಇಲ್ಲವೆಂದೇ ಲೆಕ್ಕ. ಬೆಂಗಳೂರು ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ಅಂದರೆ ಎಫ್‌ಎಸ್‌ಎಲ್ ಆಗಲಿ, ದಾವಣಗೆರೆಯ ಪ್ರಾದೇಶಿಕ ಎಫ್‌ಎಸ್‌ಎಲ್ ಆಗಲಿ, ಅಲ್ಲಿ ನಡೆಯುವುದು ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರದ ಕೆಲಸ. ಶವದ ಒಳಾಂಗದ ಮಾದರಿಯಲ್ಲಿ (ವಿಸ್ಕೆರಾ) ಕಳೆನಾಶಕ ಇದೆಯಾ ನೋಡುವುದು, ರಕ್ತದ ಕಲೆಯಿಂದ ಡಿಎನ್‌ಎ ತೆಗೆಯುವುದು, ವಶಪಡಿಸಿಕೊಂಡ ನಾಡಬಂದೂಕು ಗುಂಡು ಹಾರಿಸುವ ಸ್ಥಿತಿಯಲ್ಲಿತ್ತಾ ಎಂದು ಪರೀಕ್ಷಿಸುವುದು. ಇದಕ್ಕೆ ಬಿಎಸ್ಸಿ, ಎಮ್ಮೆಸ್ಸಿ ಬೇಕು. ಈಚೆಗೆ ಶುರುವಾದ, ಪೊಲೀಸರು 'ಸೋಕೊ' ಎಂದು ಕರೆಯುವ ಅಪರಾಧ ಸ್ಥಳ ಅಧಿಕಾರಿ ಹುದ್ದೆಗೂ ವಿಜ್ಞಾನದ ಹಿನ್ನೆಲೆಯನ್ನೇ ಕೇಳುತ್ತಾರೆ. ಹಲವು ವಿಶ್ವವಿದ್ಯಾಲಯಗಳು 'ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್' ಎಂದು ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆಸಿರುವುದರಿಂದ ಪ್ರತಿವರ್ಷ ನೂರಾರು ಮಕ್ಕಳು ಇಲ್ಲೇ ಎಡವುತ್ತಾರೆ. ಮೂರು ವರ್ಷ ಬಿಎ ಓದಿ, ಲ್ಯಾಬಿನ ಅಧಿಸೂಚನೆ ಬಂದ ದಿನ ವಿದ್ಯಾರ್ಹತೆಯ ಸಾಲು ಓದಿ ಕುಸಿದು ಕೂರುವುದಕ್ಕಿಂತ ಈಗಲೇ ತಿಳಿದಿರುವುದು ಒಳ್ಳೆಯದು.

ಎರಡನೆಯದು ಅಷ್ಟು ಕಹಿಯಲ್ಲ, ಆದರೆ ಕಾಲೇಜಿನವರು ತಾವಾಗಿ ಹೇಳುವುದಿಲ್ಲ. ಪಿಎಸ್‌ಐ ಆಗಲು ಕ್ರಿಮಿನಾಲಜಿ ಬೇಕಿಲ್ಲ. ಯಾವ ಡಿಗ್ರಿಯಾದರೂ ಸಾಕು.  ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಸಾಕು. ಯುಪಿಎಸ್‌ಸಿ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕಾನೂನು, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಇವೆ, ಕ್ರಿಮಿನಾಲಜಿ ಇಲ್ಲ. ಅಂದರೆ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಈ ವಿಷಯವನ್ನು ಯಾರೂ ಕೇಳುವುದಿಲ್ಲ. ಅದರ ಬೆಲೆ ತಿಳಿಯುವುದು ಸೇರಿದ ಮೇಲೆ. ಆದ್ದರಿಂದ ಮೊದಲು ಹುದ್ದೆ ಯಾವುದೆಂದು ಗೊತ್ತುಮಾಡಿಕೊಂಡು, ಆಮೇಲೆ ಕೋರ್ಸ್ ಆರಿಸಿ. ಕೋರ್ಸಿನ ಹೆಸರಿಗೆ ಮರುಳಾಗಿ ಸೇರಬೇಡಿ.

ಹಾಗಾದರೆ ಆ ವಿಷಯದಲ್ಲಿ ಇರುವುದೇನು? ಅಪರಾಧ ಯಾಕೆ ಆಗುತ್ತದೆ, ಎಲ್ಲಿ, ಯಾವಾಗ, ಯಾರಿಗೆ ಆಗುತ್ತದೆ, ಶಿಕ್ಷೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದರ ಅಧ್ಯಯನ ಅದು. 1764ರಲ್ಲಿ ಬೆಕಾರಿಯಾ ಶಿಕ್ಷೆ ಎಷ್ಟು ಕ್ರೂರ ಎನ್ನುವುದಕ್ಕಿಂತ ಎಷ್ಟು ಖಚಿತ ಎನ್ನುವುದೇ ಮುಖ್ಯ ಎಂದು ವಾದಿಸಿದ್ದರಿಂದ ಪಾಠ ಶುರುವಾಗುತ್ತದೆ. ಅಪರಾಧಿಯನ್ನು ತಲೆಬುರುಡೆಯಿಂದಲೇ ಗುರುತಿಸಬಹುದು ಎಂದು 1876ರಲ್ಲಿ ಹೊರಟ ಲೊಂಬ್ರೋಸೊ, ಅಪರಾಧವೂ ಸಹವಾಸದಿಂದ ಕಲಿಯುವ ವಿದ್ಯೆ ಎಂದ ಸದರ್‌ಲ್ಯಾಂಡ್, 1938ರಲ್ಲಿ ಆಸೆ ಮತ್ತು ಅವಕಾಶಗಳ ನಡುವಿನ ಬಿರುಕಿನ ಬಗ್ಗೆ ಬರೆದ ಮರ್ಟನ್, ಹೀಗೆ ಮುಂದುವರಿಯುತ್ತದೆ. ಪರೀಕ್ಷೆಗೆ ಹೆಸರು, ಇಸವಿ ಬಾಯಿಪಾಠ ಮಾಡಿದರೆ ಇವೆಲ್ಲ ಒಣ ಸರಕು. ಊರಿನ ಒಂದು ಅಪರಾಧಕ್ಕೆ ಹಚ್ಚಿ ನೋಡಿದರೆ ಮಾತ್ರ ಕೆಲಸಕ್ಕೆ ಬರುತ್ತವೆ.

ಅಡಿಕೆ ಕಳವನ್ನೇ ನೋಡಿ. ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಮಂಡಿಸಿದ ದಿನಚರಿ ಸಿದ್ಧಾಂತದ ಪ್ರಕಾರ ಅಪರಾಧ ನಡೆಯಲು ಮೂರು ಒಂದೆಡೆ ಕೂಡಬೇಕು: ಮನಸ್ಸು ಮಾಡಿದ ಕಳ್ಳ, ಕೈಗೆಟುಕುವ ವಸ್ತು, ಕಾಯುವವರಿಲ್ಲದ ಹೊತ್ತು. ಕೊಯ್ಲಿನ ಕಾಲದಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲಿ, ಚಪ್ಪರದ ಮೇಲೆ ಹರಡಿರುತ್ತದೆ. ಕ್ವಿಂಟಲಿಗೆ ಹತ್ತಾರು ಸಾವಿರ ಬೆಲೆ. ಚೀಲಕ್ಕೆ ತುಂಬಿದರೆ ಯಾರ ತೋಟದ್ದೆಂದು ಗುರುತೇ ಇಲ್ಲ, ರಾಶಿಯಲ್ಲಿ ಸೇರಿದರೆ ಮುಗಿಯಿತು. ಮನೆ ಒಂಟಿ. ಮಕ್ಕಳು ಬೆಂಗಳೂರಲ್ಲಿ, ಮನೆಯಲ್ಲಿ ಇಬ್ಬರೇ ಹಿರಿಯರು. ಪಕ್ಕದೂರಲ್ಲಿ ಮದುವೆಯೋ ಯಕ್ಷಗಾನದ ಆಟವೋ ಇದ್ದ ರಾತ್ರಿ ಅವರೂ ಇಲ್ಲ. ಮೂರೂ ಕೂಡಿದವು. ಈಗ ಪೊಲೀಸರಾಗಿ ಯೋಚಿಸಿ, ಈ ಮೂರರಲ್ಲಿ ಯಾವುದನ್ನು ತಪ್ಪಿಸಬಹುದು? ಕಳ್ಳನ ಮನಸ್ಸು ತಿದ್ದುವುದು ಠಾಣೆಯ ಕೈಲಾಗದು. ಕೊಯ್ಲಿನ ತಿಂಗಳುಗಳಲ್ಲಿ ಬೀಟ್ (ಗಸ್ತು) ಹೊತ್ತು ಬದಲಿಸುವುದು, ದೂರ ಹೋಗುವಾಗ ತಿಳಿಸಿ ಎಂದು ಒಂಟಿ ಮನೆಯವರಿಗೆ ಹೇಳಿಟ್ಟಿರುವುದು, ತೋಟವೇ ಇಲ್ಲದವರು ಸಣ್ಣ ಪ್ರಮಾಣದಲ್ಲಿ ಅಡಿಕೆ ತಂದಾಗ ಗುರುತಿನ ಚೀಟಿ ಕೇಳಿ ಬರೆದುಕೊಳ್ಳಿ ಎಂದು ಖರೀದಿದಾರರಿಗೆ ಒಪ್ಪಿಸುವುದು ಕೈಲಾಗುತ್ತದೆ. ಕದ್ದ ಮಾಲು ಮಾರುವ ಜಾಗವನ್ನು ಬಿಗಿ ಮಾಡಿದರೆ ಕದಿಯುವ ಆಸೆಯೂ ತಗ್ಗುತ್ತದೆ. ಇದನ್ನು ಓದದ ಅಧಿಕಾರಿ ಏನು ಮಾಡುತ್ತಾರೆ? ಎಂಒಬಿ ಕಡತ (ಹಳೆಯ ಅಪರಾಧಿಗಳು, ಅವರ ಕೃತ್ಯದ ರೀತಿಯ ದಾಖಲೆ) ತೆಗೆದು ಹಳೆಯ ಕಳ್ಳರನ್ನು ಠಾಣೆಗೆ ಕರೆಸುತ್ತಾರೆ. ಒಮ್ಮೊಮ್ಮೆ ಅದರಿಂದಲೂ ಕೇಸ್ ಪತ್ತೆಯಾಗುತ್ತದೆ. ಆದರೆ ಹಣೆಪಟ್ಟಿ ಹಚ್ಚಿಸಿಕೊಂಡವನು ಮತ್ತೆ ಅದೇ ದಾರಿ ಹಿಡಿಯುವುದು ಯಾಕೆ ಎಂಬ ಇನ್ನೊಂದು ಅಧ್ಯಾಯವೂ ಅದೇ ಪುಸ್ತಕದಲ್ಲಿದೆ.

ಈಗ ಎಲ್ಲಿ ಓದುವುದು ಎಂಬುದಕ್ಕೆ ಬರೋಣ. ಪಕ್ಕದ ಕಾಲೇಜಿನಲ್ಲೆಲ್ಲ ಸಿಗುವ ವಿಷಯ ಇದಲ್ಲ. ಮೈಸೂರಿನ ಮಹಾರಾಜ ಕಾಲೇಜು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮಂಗಳೂರಿನ ರೋಶನಿ ನಿಲಯ, ಇವು ಕ್ರಿಮಿನಾಲಜಿ ಕಲಿಸುವುದರಲ್ಲಿ ಹಳೆಯ ಹೆಸರುಗಳು. 2020ರ ಕಾಯ್ದೆಗಳ ಪ್ರಕಾರ ಸ್ಥಾಪನೆಯಾದ ಎರಡು ಕೇಂದ್ರೀಯ ಸಂಸ್ಥೆಗಳೂ ಇವೆ. ಗುಜರಾತಿನಲ್ಲಿ ಕೇಂದ್ರವಿರುವ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗದಲ್ಲೇ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲಿದೆ. ರಕ್ಷಾ ವಿಶ್ವವಿದ್ಯಾಲಯ ಪೊಲೀಸ್ ಆಡಳಿತ, ಭದ್ರತೆಯ ಕಡೆಗೆ ವಾಲಿದ್ದು, ವಿಧಿವಿಜ್ಞಾನದ್ದು ಲ್ಯಾಬಿನ ಕಡೆಗೆ. ಶಿವಮೊಗ್ಗ ಹತ್ತಿರ ಎಂಬ ಒಂದೇ ಕಾರಣಕ್ಕೆ ಸೇರಬೇಡಿ, ದೂರ ಎಂಬ ಒಂದೇ ಕಾರಣಕ್ಕೆ ಬಿಡಲೂ ಬೇಡಿ. ಆ ವರ್ಷ ಅಲ್ಲಿ ಯಾವ ಕೋರ್ಸ್ ನಡೆಯುತ್ತಿದೆ, ಅದು ಪೂರ್ಣ ಡಿಗ್ರಿಯೋ ಡಿಪ್ಲೊಮಾವೋ ಕೇಳಿ. ಪಿಎಸ್‌ಐ ಅರ್ಜಿಗೆ ಡಿಗ್ರಿಯೇ ಬೇಕು. ಪಿಯುಸಿ ಮೇಲಿನ ಒಂದು ವರ್ಷದ ಡಿಪ್ಲೊಮಾ ಎಷ್ಟು ಚೆನ್ನಾಗಿದ್ದರೂ ಅಲ್ಲಿ ನಡೆಯುವುದಿಲ್ಲ.

ಯಾವುದೇ ಕಾಲೇಜಿಗೆ ಹಣ ಕಟ್ಟುವ ಮುಂಚೆ ಖುದ್ದು ಹೋಗಿ ವಿಚಾರಿಸಬೇಕಾದ ಸಂಗತಿಗಳಿವೆ. ಕ್ರಿಮಿನಾಲಜಿಗೆ ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರ ಮೇಲೇ ನಡೆಯುತ್ತಿದೆಯಾ? ಕ್ಷೇತ್ರಾಧ್ಯಯನ ಎಷ್ಟು ಗಂಟೆ, ಯಾವ ಜೈಲು, ಯಾವ ಬಾಲಮಂದಿರಕ್ಕೆ ಕರೆದೊಯ್ಯುತ್ತಾರೆ? ಪಠ್ಯ 2024ರಲ್ಲಿ ಜಾರಿಯಾದ ಹೊಸ ಅಪರಾಧ ಕಾನೂನಿಗೆ ಬದಲಾಗಿದೆಯಾ? ಪ್ರಾಯೋಗಿಕ ತರಗತಿ ಇದ್ದರೆ ವಿದ್ಯಾರ್ಥಿಗಳು ಮಾಡಿದ ಹೆಜ್ಜೆಗುರುತಿನ ಅಚ್ಚೊಂದನ್ನು ತೋರಿಸಲು ಹೇಳಿ. ಅದೊಂದರಿಂದ ಬಹಳ ತಿಳಿಯುತ್ತದೆ. ಒಳ್ಳೆಯ ಅಚ್ಚು ಹೀಗೆ ಆಗುತ್ತದೆ: ಮೊದಲು ಪಕ್ಕದಲ್ಲಿ ಸ್ಕೇಲ್ ಇಟ್ಟು, ಕ್ಯಾಮೆರಾ ನೇರ ಮೇಲಿಂದ ಹಿಡಿದು, ಬೆಳಕನ್ನು ಓರೆಯಾಗಿ ನಾಲ್ಕೂ ಕಡೆಯಿಂದ ಬಿಟ್ಟು ಫೋಟೋ. ಆಮೇಲೆ ಸುಮಾರು 900 ಗ್ರಾಂ ಡೆಂಟಲ್ ಸ್ಟೋನ್ (ಹಲ್ಲಿನ ಅಚ್ಚಿಗೆ ಬಳಸುವ ಜಿಪ್ಸಂ) ಪುಡಿಗೆ 300ರಿಂದ 350 ಮಿ.ಲೀ. ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಗುರುತಿನ ಮೇಲೆ ನೇರ ಸುರಿಯದೆ ಪಕ್ಕದಿಂದ ಹರಿಯಬಿಡುವುದು. ಅರ್ಧ ಗಂಟೆಯಲ್ಲಿ ಎತ್ತಬಹುದು. ಪೂರ್ತಿ ಒಣಗಲು ಎರಡು ದಿನ ಬೇಕು, ಅಲ್ಲಿಯವರೆಗೆ ಮಣ್ಣು ಉಜ್ಜಬಾರದು. ಉಜ್ಜಿದರೆ ಮಣ್ಣಿನ ಜೊತೆ ಗುರುತೂ ಹೋಗುತ್ತದೆ. ನಮ್ಮ ಮಳೆಗಾಲದಲ್ಲಿ ಇದೆಲ್ಲಕ್ಕಿಂತ ಮೊದಲ ಕೆಲಸ ಗುರುತಿನ ಮೇಲೆ ಬಕೆಟ್ಟೋ ಬೋಗುಣಿಯೋ ಮಗುಚಿ ಹಾಕುವುದು. ಇನ್ನೊಂದು ಮಲೆನಾಡಿನ ತೊಂದರೆ ಒದ್ದೆ ಬಟ್ಟೆ. ರಕ್ತವಾದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ನಾಲ್ಕು ದಿನದಲ್ಲಿ ಬೂಸಲು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಲ್ಯಾಬಿನವರು ಎಷ್ಟೇ ಜಾಣರಿದ್ದರೂ ಠಾಣೆಯಿಂದ ಕೊಳೆತು ಬಂದ ಸಾಕ್ಷ್ಯಕ್ಕೆ ಜೀವ ತುಂಬಲಾರರು. ಪಿಎಸ್‌ಐ ಆಗುವವರು ಫೊರೆನ್ಸಿಕ್ ಪೇಪರ್ ಓದಬೇಕಾದದ್ದು ಈ ಕಾರಣಕ್ಕೆ.

ಮೈಸೂರು, ಮಂಗಳೂರಿನ ಹಾಸ್ಟೆಲ್ ಖರ್ಚು ಮನೆಗೆ ಭಾರವಾಗುವುದಾದರೆ ಒದ್ದಾಡುವ ಅಗತ್ಯವಿಲ್ಲ. ತೀರ್ಥಹಳ್ಳಿಯಲ್ಲೋ ಶಿವಮೊಗ್ಗದಲ್ಲೋ ಕುವೆಂಪು ವಿಶ್ವವಿದ್ಯಾಲಯದ ಬಿಎ ಸೇರಿ. 2024ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಸಮಾಜಶಾಸ್ತ್ರ ಇರಲಿ, ಸಿಕ್ಕರೆ ಮನಶ್ಶಾಸ್ತ್ರ ಇರಲಿ, ಮೂರನೆಯದು ನಿಮಗೆ ಅಂಕ ಬರುವ ವಿಷಯ. ಕ್ರಿಮಿನಾಲಜಿಯ ಮುಕ್ಕಾಲು ಪಾಲು ಬೇರು ಸಮಾಜಶಾಸ್ತ್ರದಲ್ಲೇ ಇದೆ. ಡಿಗ್ರಿ ಮುಗಿದ ಮೇಲೆ ಎಂಎ ಕ್ರಿಮಿನಾಲಜಿಗೆ ಹೋಗಬಹುದು. ಡಿಗ್ರಿಯಲ್ಲಿ ಅದೇ ವಿಷಯ ಓದಿರಬೇಕೆಂಬ ಷರತ್ತು ಇದೆಯೋ ಇಲ್ಲವೋ ಆಯಾ ವಿಶ್ವವಿದ್ಯಾಲಯದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ದೂರಶಿಕ್ಷಣವಾದರೆ ಇಗ್ನೋದಲ್ಲಿ ಕ್ರಿಮಿನಲ್ ಜಸ್ಟಿಸ್ ಸ್ನಾತಕೋತ್ತರ ಡಿಪ್ಲೊಮಾ ಇದೆ. ಇಲ್ಲವೇ ಮೂರು ವರ್ಷದ ಎಲ್‌ಎಲ್‌ಬಿ, ಶಿವಮೊಗ್ಗದಲ್ಲೇ ಕಾನೂನು ಕಾಲೇಜಿದೆ. ಅದಕ್ಕೆ ಡಿಗ್ರಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45 ಅಂಕ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮಂಥವರಿಗೆ 'ಬಿಎ ಸಮಾಜಶಾಸ್ತ್ರ, ಆಮೇಲೆ ಎಲ್‌ಎಲ್‌ಬಿ' ದಾರಿ ಬರೀ ಬಿಎ ಕ್ರಿಮಿನಾಲಜಿಗಿಂತ ಗಟ್ಟಿ. ಪಿಎಸ್‌ಐ ಕೈತಪ್ಪಿದರೂ ಎಲ್‌ಎಲ್‌ಬಿ ಇದ್ದವರಿಗೆ ಇನ್ನೂ ನಾಲ್ಕು ಕಡೆ ಅರ್ಜಿ ಹಾಕಲು ಬರುತ್ತದೆ.

ಪಿಎಸ್‌ಐ ವಿಚಾರ. ಇಲ್ಲಿ ಮೊದಲು ಬೇಕಾದದ್ದು ಟೇಪು. ಇದುವರೆಗಿನ ಅಧಿಸೂಚನೆಗಳಲ್ಲಿ ಮಹಿಳೆಯರಿಗೆ ಎತ್ತರ 157 ಸೆಂ.ಮೀ., ತೂಕ ಕನಿಷ್ಠ 45 ಕೆ.ಜಿ. ಕೇಳಿದ್ದಾರೆ, ಪುರುಷರಿಗೆ 168 ಸೆಂ.ಮೀ. ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಅಳೆಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ದಿನದ ಕೊನೆಗೆ ಎತ್ತರ ಸ್ವಲ್ಪ ತಗ್ಗುವುದು ಸಹಜ. 157ಕ್ಕೆ ಕೂದಲೆಳೆಯಷ್ಟು ಮೇಲಿದ್ದವರು ಸಂಜೆ ಅಳತೆಯನ್ನೇ ನಂಬಬೇಕು. ಅಳತೆಗೆ ಕಡಿಮೆಯಿದ್ದರೆ ಮೂರು ವರ್ಷ ಕನಸು ಕಟ್ಟಿಕೊಂಡು ಕೂರುವುದು ಬೇಡ, ಕೆಳಗೆ ಹೇಳುವ ಬೇರೆ ಹುದ್ದೆಗಳ ಕಡೆ ಈಗಲೇ ತಿರುಗಿ. ದೈಹಿಕ ಪರೀಕ್ಷೆಯಲ್ಲಿ ಮಹಿಳೆಯರಿಗೆ 400 ಮೀಟರ್ ಓಟ, 2.50 ಮೀಟರ್ ಉದ್ದ ಜಿಗಿತ ಇಲ್ಲವೇ 0.90 ಮೀಟರ್ ಎತ್ತರ ಜಿಗಿತ, 4 ಕೆ.ಜಿ. ಗುಂಡನ್ನು 3.75 ಮೀಟರ್ ಎಸೆಯುವುದು ಇರುತ್ತವೆ. ಕಷ್ಟದವೇನಲ್ಲ, ಆದರೆ ಹೆಚ್ಚಿನವರು ಸೋಲುವುದು ಗುಂಡು ಎಸೆತದಲ್ಲಿ. ಕ್ರಿಕೆಟ್ ಚೆಂಡಿನಂತೆ ಕೈ ಹಿಂದಕ್ಕೆ ಒಯ್ದು ಬೀಸಲು ಹೋಗುತ್ತಾರೆ. ಗುಂಡು ಕುತ್ತಿಗೆಗೆ ತಾಗಿರಬೇಕು, ಶಕ್ತಿ ಕಾಲು ಮತ್ತು ಸೊಂಟದಿಂದ ಬರಬೇಕು, ಕೈ ಕೊನೆಗೆ ತಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಕಡೆ ಮೈದಾನ ಕೆಸರುಗದ್ದೆಯಾಗಿರುತ್ತದೆ. ಆ ನಾಲ್ಕು ತಿಂಗಳು ಅಭ್ಯಾಸ ಬಿಟ್ಟವರಿಗೆ ಅಕ್ಟೋಬರ್‌ನಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಗ್ಗದಾಟ, ಮೆಟ್ಟಿಲು ಹತ್ತುವುದು, ಜಗುಲಿಯಲ್ಲೇ ಬಸ್ಕಿ ನಡೆಯುತ್ತಿರಲಿ. ಪಾಚಿ ಕಟ್ಟಿದ ರಸ್ತೆಯಲ್ಲಿ ಓಡಿ ಮಣಿಕಟ್ಟು ಮುರಿದುಕೊಳ್ಳಬೇಡಿ.

ಲಿಖಿತ ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಮೊದಲನೆಯದು 50 ಅಂಕ: ಪ್ರಬಂಧ, ಸಾರಾಂಶ, ಕನ್ನಡ ಮತ್ತು ಇಂಗ್ಲಿಷ್ ಭಾಷಾಂತರ. ಎರಡನೆಯದು 150 ಅಂಕದ ಬಹು ಆಯ್ಕೆ, ತಪ್ಪಿಗೆ ಅಂಕ ಕಳೆಯುತ್ತಾರೆ. ಎಲ್ಲರೂ ಎರಡನೆಯದಕ್ಕೆ ಕೋಚಿಂಗ್ ಹೋಗುತ್ತಾರೆ, ಮೊದಲನೆಯದನ್ನು ಮುಟ್ಟುವುದೇ ಇಲ್ಲ. ಕನ್ನಡ ಮಾಧ್ಯಮದವರಿಗೆ ಸಾರಾಂಶ, ಪ್ರಬಂಧದಲ್ಲಿ ಅಂಕ ಸುಲಭ. ದಿನಾ ಪತ್ರಿಕೆಯ ಒಂದು ಸಂಪಾದಕೀಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಬರೆಯಿರಿ, ಆರು ತಿಂಗಳಲ್ಲಿ ಕೈ ಪಳಗುತ್ತದೆ. ಇನ್ನು ತಾಳ್ಮೆ. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ಎರಡು ವರ್ಷ ಚಿಲ್ಲರೆ ಬೇರೇನನ್ನೂ ಓದದೆ ಕಾದು ಕೂತವರಿಗೆ ವಯಸ್ಸೂ ಹೋಯಿತು, ಓದೂ ಹೋಯಿತು. ವಯೋಮಿತಿ ಆಗಾಗ ಬದಲಾಗುತ್ತಿರುತ್ತದೆ, ಆ ವರ್ಷದ ಅಧಿಸೂಚನೆಯನ್ನೇ ನೋಡಿ.

ಮತ್ತೊಂದು ಎಚ್ಚರಿಕೆ. ಆಯ್ಕೆಯಾದ ಮೇಲೆ ನಡತೆ ಪರಿಶೀಲನೆ ಇರುತ್ತದೆ. ಕಾಲೇಜು ಗಲಾಟೆಯಲ್ಲಿ ದಾಖಲಾದ ಕೇಸನ್ನು ದೃಢೀಕರಣ ನಮೂನೆಯಲ್ಲಿ ಮುಚ್ಚಿಟ್ಟರೆ, ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ.

ಪೊಲೀಸ್ ಬಿಟ್ಟರೆ ಏನಿದೆ? ಹುಡುಗಿಯರು ಹೆಚ್ಚು ಗಮನಿಸದ, ಆದರೆ ಕ್ರಿಮಿನಾಲಜಿ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಬಾಲ ನ್ಯಾಯ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ, ಅಂದರೆ ಅಪರಾಧದ ಆರೋಪ ಹೊತ್ತ ಮಗುವನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಮೊದಲ ಬಾರಿ ಹಾಜರುಪಡಿಸಿದ 15 ದಿನದೊಳಗೆ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ಸಾಮಾಜಿಕ ತನಿಖಾ ವರದಿ ಕೊಡಬೇಕು. ಅದು ಪೊಲೀಸ್ ವರದಿಯಲ್ಲ. ಹುಡುಗ ಬೈಕು ಕದ್ದನೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವಲ್ಲ. ಶಾಲೆ ಯಾವ ತರಗತಿಗೆ ಬಿಟ್ಟ, ಯಾಕೆ ಬಿಟ್ಟ, ಮನೆಯಲ್ಲಿ ಕುಡಿತ ಇದೆಯಾ, ಯಾರ ಜೊತೆ ಓಡಾಡುತ್ತಾನೆ, ಕೂಲಿಗೆ ಹೋಗುತ್ತಿದ್ದನಾ, ವಾಪಸ್ ಕಳಿಸಿದರೆ ನೋಡಿಕೊಳ್ಳಲು ಯಾರಿದ್ದಾರೆ, ಇವು ಬೇಕು. ಕಚೇರಿಯಲ್ಲಿ ಕೂತು ಫೋನಿನಲ್ಲಿ ತುಂಬಿದ ವರದಿ ಎಲ್ಲ ಮಕ್ಕಳದ್ದೂ ಒಂದೇ ತರ ಇರುತ್ತದೆ: 'ಕುಟುಂಬ ಬಡತನದಲ್ಲಿದೆ, ಸಹವಾಸ ದೋಷ.' ಅದರಿಂದ ಮಂಡಳಿಗೆ ಏನೂ ತಿಳಿಯುವುದಿಲ್ಲ. ಮನೆಗೆ ಹೋಗಿ, ಶಾಲೆಯ ಹಾಜರಿ ಪುಸ್ತಕ ನೋಡಿ, ಐದನೇ ತರಗತಿವರೆಗೆ ನೆಟ್ಟಗಿದ್ದ ಹುಡುಗ ಹಾಸ್ಟೆಲ್ ಸೇರಿದ ವರ್ಷ ತಪ್ಪಿದ ಎಂದು ಬರೆದರೆ ಹುಡುಗನ ಮುಂದಿನ ದಾರಿಯೇ ಬದಲಾಗಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ಮಿಷನ್ ವಾತ್ಸಲ್ಯದ ಅಡಿ ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು, ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಹುದ್ದೆಗಳಿರುತ್ತವೆ. ಕೊನೆಯದಕ್ಕೆ ಎಲ್‌ಎಲ್‌ಬಿ ಬೇಕು. ಹೆಚ್ಚಿನವು ಗುತ್ತಿಗೆಯವು, ಸಂಬಳ ಕಡಿಮೆ. ಅದನ್ನು ಅಪ್ಪಯ್ಯನಿಂದ ಮುಚ್ಚಿಡುವುದು ಬೇಡ.

ಕಾರಾಗೃಹ ಇಲಾಖೆಯಲ್ಲಿ ವಾರ್ಡರ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ, ಜೈಲರ್ ಹುದ್ದೆಗೆ ಡಿಗ್ರಿ ಕೇಳುತ್ತಾರೆ. ಶಿವಮೊಗ್ಗದ ಕೇಂದ್ರ ಕಾರಾಗೃಹ ಸೋಗಾನೆಯಲ್ಲಿದೆ. ಜೈಲು ಅಂದರೆ ಶಿಕ್ಷೆಯಾದವರ ಜಾಗ ಎಂದುಕೊಂಡಿದ್ದರೆ ತಪ್ಪು. ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 479ರ ಪ್ರಕಾರ, ಮರಣದಂಡನೆ, ಜೀವಾವಧಿಯ ಅಪರಾಧಗಳನ್ನು ಬಿಟ್ಟು, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೇ ಒಂದರಷ್ಟು ಅವಧಿ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಬೇರೆ ಕೇಸುಗಳೂ ಬಾಕಿ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಆ ದಿನ ಬಂತೆಂದು ಲೆಕ್ಕ ಇಟ್ಟು ನ್ಯಾಯಾಲಯಕ್ಕೆ ಅರ್ಜಿ ಬರೆಯಬೇಕಾದವರು ಜೈಲು ಅಧೀಕ್ಷಕರೇ. ಜಾಮೀನು ಕೊಡಿಸಲು ದಿಕ್ಕಿಲ್ಲದ ಕೂಲಿಯವನಿಗೆ ಆ ಲೆಕ್ಕ ಇಡುವ ಗುಮಾಸ್ತನೇ ವಕೀಲ.

ಎಲ್‌ಎಲ್‌ಬಿ ಆದವರಿಗೆ ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆ ಇದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮೂರು ವರ್ಷ ವಕೀಲಿಕೆ ಕಡ್ಡಾಯ. ಎಸ್‌ಎಸ್‌ಸಿಯ ಸಿಜಿಎಲ್ (ಕೇಂದ್ರ ಸರ್ಕಾರದ ಪದವಿ ಮಟ್ಟದ ನೇಮಕಾತಿ) ಪರೀಕ್ಷೆಯಿಂದ ಸಿಬಿಐ, ಎನ್‌ಐಎ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಹೋಗಬಹುದು. ಪಾಠ ಮಾಡುವ ಆಸೆಯಿದ್ದರೆ ಯುಜಿಸಿ ನೆಟ್‌ನಲ್ಲಿ ಕ್ರಿಮಿನಾಲಜಿ ಪ್ರತ್ಯೇಕ ವಿಷಯ, ಸಂಖ್ಯೆ 68. ಸಾವಿರಾರು ರೂಪಾಯಿ ತಗೊಂಡು ಎರಡು ವಾರದಲ್ಲಿ 'ಫೊರೆನ್ಸಿಕ್ ಎಕ್ಸ್‌ಪರ್ಟ್' ಸರ್ಟಿಫಿಕೇಟ್ ಕೊಡುವ ಆನ್‌ಲೈನ್ ಕೋರ್ಸುಗಳಿಗೆ ಸರ್ಕಾರಿ ನೇಮಕಾತಿಯಲ್ಲಿ ಕವಡೆ ಕಿಮ್ಮತ್ತೂ ಇಲ್ಲ.

ಇನ್ನು ಓದುವ ಬಗೆ. ಹಳೆಯ ಪುಸ್ತಕದಂಗಡಿಯಲ್ಲಿ ಐಪಿಸಿ ಗೈಡುಗಳು ಈಗ ಅಗ್ಗ, ಯಾಕೆಂದರೆ 2024ರ ಜುಲೈ 1ರಿಂದ ಅಪರಾಧ, ಅದರ ಕಾರ್ಯವಿಧಾನ, ಸಾಕ್ಷ್ಯ ಈ ಮೂರರ ಮೂಲ ಕಾನೂನೂ ಬದಲಾಗಿವೆ. 511 ಕಲಮುಗಳ ಐಪಿಸಿ ಹೋಗಿ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ 302 ಈಗ 103, ಬಾಯಿಮಾತಿನಲ್ಲಿ ಬೈಗುಳವೇ ಆಗಿದ್ದ 420 ಈಗ 318ರ ನಾಲ್ಕನೇ ಉಪಕಲಂ. ಹಾಗೆಂದು ಹಳೆಯದನ್ನು ಎಸೆಯುವಂತಿಲ್ಲ. ಆ ದಿನಾಂಕಕ್ಕೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ, ಕೋರ್ಟುಗಳಲ್ಲಿ ಇನ್ನೂ ಹಲವು ವರ್ಷ ಅವೇ ಕೇಸುಗಳು ನಡೆಯುತ್ತವೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಮುಖ್ಯವಾದ ಐವತ್ತು ಕಲಮುಗಳ ಹಳೆಯ, ಹೊಸ ಸಂಖ್ಯೆ ಬರೆದುಕೊಳ್ಳಿ. ಕಾರ್ಯವಿಧಾನದಲ್ಲಿ, ಅಂದರೆ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಎರಡು ಬದಲಾವಣೆ ಬಹಳ ಮುಖ್ಯ: ಶೋಧ ಮತ್ತು ಜಪ್ತಿಯನ್ನು ಕಲಂ 105ರಂತೆ ವಿಡಿಯೊ ಮಾಡಬೇಕು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎಂದು ಕಲಂ 176 ಹೇಳುತ್ತದೆ. ಮೊಬೈಲ್, ಸಿಸಿಟಿವಿ ದಾಖಲೆಗೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಹ್ಯಾಶ್ ಅಂದರೇನು, ಒಂದಕ್ಷರ ಬದಲಾದರೆ ಅದು ಯಾಕೆ ಪೂರ್ತಿ ಬದಲಾಗುತ್ತದೆ ಎಂಬುದು ಆರ್ಟ್ಸ್ ಓದಿದವರಿಗೂ ಒಂದು ಸಂಜೆಯ ಕೆಲಸ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯ ಕೇಸುಗಳು ನಿಲ್ಲುವುದು, ಬೀಳುವುದು ಇದರ ಮೇಲೆ.

ಕಾಸಿಲ್ಲದೆ ಮಾಡಬಹುದಾದ ಒಳ್ಳೆಯ ಅಭ್ಯಾಸ ಎಫ್‌ಐಆರ್ ಓದುವುದು. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಸೂಕ್ಷ್ಮವಲ್ಲದ ಎಫ್‌ಐಆರ್‌ಗಳನ್ನು 24 ಗಂಟೆಯಲ್ಲಿ ಜಾಲತಾಣಕ್ಕೆ ಹಾಕಬೇಕು. ನಮ್ಮ ಕಡೆಯಂತೆ ಸಂಪರ್ಕ ತೊಡಕಿನ ಜಾಗಗಳಿಗೆ ಹೆಚ್ಚೆಂದರೆ 72 ಗಂಟೆ. ಒಂದೇ ಠಾಣೆಯ 20 ಕಳವಿನ ಎಫ್‌ಐಆರ್ ಇಳಿಸಿಕೊಳ್ಳಿ. ಘಟನೆಯ ಹೊತ್ತು, ಠಾಣೆಗೆ ಮಾಹಿತಿ ಬಂದ ಹೊತ್ತು, ಠಾಣೆಯಿಂದ ದೂರ ಮತ್ತು ದಿಕ್ಕು, ವಿಳಂಬಕ್ಕೆ ಕಾರಣ, ಹೋದ ಮಾಲು, ಇವನ್ನು ಕಾಲಂ ಮಾಡಿ ತುಂಬಿ. ದೂರು ತಡವಾದದ್ದು ದೂರದ ಊರಿನವರದ್ದೋ, ಸಂಬಂಧಿಕರ ಮೇಲೆ ಅನುಮಾನ ಇದ್ದವರದ್ದೋ ಎಂದು ನೋಡುತ್ತಾ ಹೋದರೆ ಮಾದರಿ ತಾನಾಗಿ ಕಾಣಿಸುತ್ತದೆ. ಹಾಗೇ ದರದ ಲೆಕ್ಕ ಕಲಿಯಿರಿ. 2 ಲಕ್ಷ ಜನರ ತಾಲ್ಲೂಕಿನಲ್ಲಿ 46 ಕಳವು, 80 ಸಾವಿರದ್ದರಲ್ಲಿ 24 ಎಂದುಕೊಳ್ಳಿ. ಸಂಖ್ಯೆ ಮೊದಲನೆಯದರಲ್ಲಿ ಹೆಚ್ಚು, ಲಕ್ಷಕ್ಕೆ ದರ ನೋಡಿದರೆ 23 ಮತ್ತು 30. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ವರದಿ ಓದುವಾಗ ಇನ್ನೊಂದು ನೆನಪಿಡಿ: ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧವಿದ್ದರೆ ಅತಿ ಗಂಭೀರವಾದ ಒಂದೇ ಎಣಿಕೆಗೆ ಬರುತ್ತದೆ. ಅತ್ಯಾಚಾರ ಮಾಡಿ ಕೊಂದದ್ದು ಅತ್ಯಾಚಾರದ ಲೆಕ್ಕಕ್ಕೆ ಸೇರುವುದಿಲ್ಲ.

ರಜೆಯಲ್ಲಿ ನಾಲ್ಕು ದಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಗುಪ್ತ ವಿಚಾರಣೆಯ ಕೇಸು ಬಿಟ್ಟರೆ ಕೋರ್ಟು ಎಲ್ಲರಿಗೂ ತೆರೆದ ಜಾಗ. ಮಹಜರಿಗೆ ಸಹಿ ಹಾಕಿದ ಪಂಚರು (ಸ್ಥಳದ ಸಾಕ್ಷಿಗಳು) ಸಾಕ್ಷಿಕಟ್ಟೆಗೆ ಬಂದು "ಠಾಣೆಗೆ ಕರೆದು ಸಹಿ ತಗೊಂಡರು, ಏನು ಬರೆದಿತ್ತೋ ಗೊತ್ತಿಲ್ಲ" ಎನ್ನುವುದನ್ನು ಒಮ್ಮೆ ಕೇಳಿದರೆ ಸಾಕು, ಮಹಜರನ್ನು ಸ್ಥಳದಲ್ಲೇ, ಅವರೆದುರೇ, ಓದಿ ಹೇಳಿ ಬರೆಯಬೇಕು ಎಂಬುದು ಮನಸ್ಸಿಗೆ ಇಳಿಯುತ್ತದೆ. ಬಿ ರಿಪೋರ್ಟ್ (ದೂರಿನಲ್ಲಿ ಹುರುಳಿಲ್ಲವೆಂದು ಕೇಸು ಮುಗಿಸುವುದು) ಯಾವಾಗ, ಸಿ ರಿಪೋರ್ಟ್ (ಆರೋಪಿ ಪತ್ತೆಯಾಗಲಿಲ್ಲವೆಂದು ಮುಗಿಸುವುದು) ಯಾವಾಗ ಎಂಬುದನ್ನೂ ಅಲ್ಲೇ ಕಲಿಯಬಹುದು.

ಕೊನೆಗೆ ಅಪ್ಪಯ್ಯನ ಮಾತು, 'ಅದೂ ಹೆಣ್ಣುಮಕ್ಕಳಿಗೆ.' ಅವರಿಗೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಕಲಂ 24 ಓದಿ ಹೇಳಿ. ದೌರ್ಜನ್ಯಕ್ಕೊಳಗಾದ ಮಗುವಿನ ಹೇಳಿಕೆಯನ್ನು ಮಗು ಇರುವ ಮನೆಯಲ್ಲೋ, ಮಗು ಬಯಸಿದ ಜಾಗದಲ್ಲೋ ಬರೆದುಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಬರೆದುಕೊಳ್ಳಬೇಕಾದವರು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ. ಆಗ ಅವರು ಯೂನಿಫಾರ್ಮ್‌ನಲ್ಲಿ ಇರುವಂತಿಲ್ಲ. ಯಾವುದೋ ಕಾಡಂಚಿನ ಮನೆಯ ಜಗುಲಿಯಲ್ಲಿ, ಸಾದಾ ಬಟ್ಟೆಯಲ್ಲಿ, ಆ ಮಗುವಿನ ಭಾಷೆಯಲ್ಲೇ ಮಾತಾಡಿಸಿ ಬರೆದುಕೊಳ್ಳುವ ಕೆಲಸ ಅದು. ಅದಕ್ಕೆ ಮಲೆನಾಡಿನ ಹೆಣ್ಣುಮಗಳಿಗಿಂತ ತಕ್ಕವರು ಯಾರು ಎಂದು ಅವರನ್ನೇ ಕೇಳಿ.